ಘಸರಗುಂಡಿಯ ಗುಂಡಿ

ಚಿಂತೆ ಮಾಡುವುದರಲ್ಲಿ ನನಗೆ ಚಿಕ್ಕಂದಿನಿಂದಲೂ ಒಳ್ಳೆಯ ಕೈಗುಣ. ಬಸ್ಸು ತಡವಾದರೆ ಎಲ್ಲೋ ಉರುಳಿದೆ ಎಂದೂ, ಹೊತ್ತಿಗೆ ಸರಿಯಾಗಿ ಬಂದರೆ ಡ್ರೈವರ್ ಯದ್ವಾತದ್ವಾ ಓಡಿಸಿದ್ದಾನೆ ಎಂದೂ ಚಿಂತಿಸಬಲ್ಲೆ. ಈ ವಿದ್ಯೆಯ ಮೊದಲ ಪಾಠವಾದದ್ದು ಬೆಳಗಾವಿಯಲ್ಲಿ, ಕೋಟೆ ಕಡೆಯ ಒಂದು ಬಾಗಿನಲ್ಲಿ. ಉದ್ಯಾನ ಎಂಬ ಶಬ್ದ ನಮಗಾಗ ಪುಸ್ತಕದಲ್ಲಷ್ಟೇ ಇತ್ತು.

ನಮ್ಮೂರು ಖಾನಾಪುರ ತಾಲೂಕಿನ ಬೀಡಿ. ಶಾಲೆಯ ಸೂಟಿಯಲ್ಲಿ ಬೆಳಗಾವಿಯ ಕಾಕಾನ ಮನೆಗೆ ಬಂದರೆ ಅಕ್ಕ ದಿನಾ ಸಂಜೆ ನನ್ನನ್ನು ಬಾಗಿಗೆ ಎಳೆದೊಯ್ಯುತ್ತಿದ್ದಳು. ಅಲ್ಲಿನ ಮರಾಠಿ ಹುಡುಗರು ಜಾರುಬಂಡಿಗೆ ‘ಘಸರಗುಂಡಿ’ ಎನ್ನುತ್ತಿದ್ದರು. ಘಸರ ಅಂದರೆ ಜಾರುವುದು ಎಂದು ಕಾಕಾ ಹೇಳಿದ್ದ. ಗುಂಡಿ ಅಂದರೇನೆಂದು ಯಾರೂ ಹೇಳಬೇಕಾಗಿರಲಿಲ್ಲ. ನಮ್ಮ ಹಿತ್ತಲಿನ ತಿಪ್ಪೆಗುಂಡಿ ನೋಡಿದ್ದೆನಲ್ಲ! ಜಾರಿದವರು ಕೊನೆಗೆ ಬೀಳುವುದು ಅಂಥದ್ದರಲ್ಲೇ. ಉಳಿದ ಹುಡುಗರು ನಗುತ್ತ ಎದ್ದುಬರುವುದು ಕಾಣುತ್ತಿತ್ತು, ನಿಜ. ಆದರೆ ಗುಂಡಿ ನನಗಾಗಿಯೇ ಕಾದಿರಬಾರದೆಂದೇನು? ಅಕ್ಕ ಕೆಳಗೆ ಎರಡೂ ಕೈ ಚಾಚಿ, “ಜಾರೋ ತಮ್ಮಾ, ಕೆಳಗ ನಾ ಅದೀನಿ!” ಎಂದು ಕೂಗುತ್ತಿದ್ದಳು. ನಾನು ಮೆಟ್ಟಿಲಿನಿಂದಲೇ ವಾಪಸು ಇಳಿಯುತ್ತಿದ್ದೆ. ಎಷ್ಟೋ ಸೂಟಿಗಳು ಹೀಗೇ ಹೋದವು.

ಮೊನ್ನೆ ಅಕ್ಕನ ಮೊಣಕಾಲು ತೋರಿಸಲು ಬೆಳಗಾವಿಗೆ ಬಂದಿದ್ದೆವು. ಆಪರೇಷನ್ ಆಗಲೇಬೇಕೆಂದರು ಡಾಕ್ಟರು. ಯಾವುದಕ್ಕೂ ಅಂಜದ ಅಕ್ಕ “ನಾ ಒಲ್ಲೆ” ಎಂದು ಎದ್ದುಬಿಟ್ಟಳು. ಹೊರಗೆ ಬಂದವಳೇ, “ಆ ಬಾಗಿಗೆ ಹೋಗೂಣು ನಡಿ” ಎಂದಳು.

ನಾವು ಬೊಗಸೆಯೊಡ್ಡಿ ನೀರು ಕುಡಿಯುತ್ತಿದ್ದ ನಳ ಅಲ್ಲಿರಲಿಲ್ಲ. ಹುಲ್ಲಿದ್ದಲ್ಲಿ ವಾಕಿಂಗಿನ ಹಾದಿ. ಸಿಮೆಂಟಿನ ಘಸರಗುಂಡಿ ಮಾತ್ರ ಮೂಲೆಯಲ್ಲಿ ಹಾಗೇ ಇತ್ತು, ಆದರೆ ನನ್ನ ತಲೆಗಿಂತ ತುಸುವೇ ಎತ್ತರ. ಇಷ್ಟಕ್ಕೆ ಹೆದರಿ ಅಷ್ಟೆಲ್ಲ ಸಂಜೆಗಳನ್ನು ಮೆಟ್ಟಿಲ ಮೇಲೆ ಕಳೆದೆನೇ?

“ಆಪರೇಷನ್ನಿಗೆ ಯಾಕ ಅಂಜತಿ ಅಕ್ಕಾ? ಎಲ್ಲಾರೂ ಮಾಡಿಸ್ಕೋತಾರ” ಎಂದೆ. “ಎಲ್ಲಾರೂ ಜಾರತಿದ್ರು. ನೀ ಜಾರಿದ್ಯೇನು?” ಎಂದಳು. ಕೋಲಿನಿಂದ ಮೆಟ್ಟಿಲು ತೋರಿಸಿದಳು. “ಇವತ್ತ ಜಾರಿ ತೋರಸು. ನಾ ಡಾಕ್ಟರಿಗೆ ಹೂಂ ಅಂತೀನಿ.”

ಹತ್ತಿದೆ. ಸೊಂಟ ಹಿಡಿದರೆ? ಸಿಮೆಂಟು ಬಿರಿದರೆ? ವಾಕಿಂಗಿನ ಹಿರಿಯರೊಬ್ಬರು ನಿಂತು, “ಸಾವಕಾಶ ರೀ ಸಾಹೇಬ್ರ, ಅದು ಸಣ್ಣ ಹುಡುಗೂರದ ಐತಿ” ಎಂದರು. ಕೆಳಗೆ ಅಕ್ಕ ಒಂದು ಕೈಯಲ್ಲಿ ಕೋಲು ಊರಿ, ಇನ್ನೊಂದು ಕೈ ಚಾಚಿ ನಿಂತಿದ್ದಳು. “ಜಾರೋ ತಮ್ಮಾ, ಕೆಳಗ ನಾ ಅದೀನಿ!” ಅದೇ ದನಿ. ಕಣ್ಣು ಮುಚ್ಚಿದೆ, ಜಾರಿದೆ, ಅರ್ಧದಲ್ಲೇ ಸಿಕ್ಕಿಕೊಂಡೆ. ಹೊಟ್ಟೆ ಒಳಗೆಳೆದು ಕೊಸರಾಡಿದಾಗ ಟಪ್ಪೆಂದು ಏನೋ ಹಾರಿತು, ನಾನು ಅಕ್ಕನ ಕಾಲ ಬಳಿ ಬಂದು ಕುಳಿತಿದ್ದೆ. ನೆಲ ಗಟ್ಟಿಯಾಗಿತ್ತು. ಗುಂಡಿ ಇರಲಿಲ್ಲ.

ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸೆರಗಿನಿಂದ ಒರೆಸಿಕೊಳ್ಳುತ್ತ, ಸಣ್ಣ ದನಿಯಲ್ಲಿ, “ಆತು, ಮಾಡಿಸ್ಕೋತೀನಿ. ಕಣ್ಣ ತೆಗದಾಗ ಬಾಜುಕ ನೀ ಇರತೀಯಲ್ಲ?” ಎಂದಳು.

“ನಾ ಅದೀನಿ” ಎಂದು ಎದೆ ಸೆಟೆಸಿದೆ. ಅಕ್ಕ ನನ್ನ ಹೊಟ್ಟೆಯನ್ನೇ ನೋಡುತ್ತ, “ಮೊದಲ ಅಂಗಿ ಗುಂಡಿ ಹುಡುಕು, ಹಾರಿ ಹೋಗೇತಿ” ಎಂದಳು.

ಅಂತೂ ಘಸರಗುಂಡಿಯಲ್ಲಿ ಗುಂಡಿ ಇದ್ದದ್ದು ಖರೆ. ಅದನ್ನು ಮನೆಯಿಂದ ತಂದವನು ನಾನೇ.