ರದ್ದಾದ ವಾರ್ಡಿನ ಚುನಾಯಿತ ಪ್ರತಿನಿಧಿ

ಗೆದ್ದವರ ಬಗ್ಗೆ ಬರೆಯಲು ಊರೆಲ್ಲ ಇರುತ್ತದೆ. ನನಗೆ ಮೊದಲಿನಿಂದಲೂ ಸೋತವರ ಮೇಲೇ ಕಣ್ಣು. ಬೆಂಗಳೂರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿ ಬಹಳ ವರ್ಷ ಚುನಾವಣಾ ಫಲಿತಾಂಶದ ಪುಟ ಕಟ್ಟಿದವನು ನಾನು. ಫಲಿತಾಂಶದ ದಿನ ಉಳಿದವರೆಲ್ಲ ಕೊರಳ ತುಂಬ ಹಾರ ಹಾಕಿಸಿಕೊಂಡವರ ಫೋಟೊ ಹುಡುಕುತ್ತಿದ್ದರೆ, ನಾನು ಪಟ್ಟಿಯ ಕೆಳತುದಿಯಲ್ಲಿ ಠೇವಣಿ ಕಳೆದುಕೊಂಡ ಪಕ್ಷೇತರರ ಹೆಸರು ತಿದ್ದುತ್ತ ಕೂತಿರುತ್ತಿದ್ದೆ. ಪಾಪ, ಹೆಸರಾದರೂ ಸರಿಯಾಗಿ ಅಚ್ಚಾಗಲಿ ಎಂದು. ನಮ್ಮ ಸುದ್ದಿ ಸಂಪಾದಕರು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದ ಮಾತೊಂದಿತ್ತು: "ನೋಡ್ರೀ, ಬರೆಯೋನು ಸುದ್ದಿ ಒಳಗೆ ಕಾಲಿಡಬಾರದು. ಇಟ್ಟರೆ ಅವನೇ ಸುದ್ದಿ ಆಗ್ತಾನೆ. ಆಮೇಲೆ ಬರೆಯೋಕೆ ನಾನು ಇನ್ನೊಬ್ಬನನ್ನ ಹುಡುಕಬೇಕು." ಬೆಂಗಳೂರಿನಲ್ಲಿ ಇದ್ದಷ್ಟು ದಿನ ಈ ಮಾತನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ. ಮುರಿದದ್ದು ಟೋಕಿಯೋದ ನಿಶಿ ಕಸಾಯಿಯಲ್ಲಿ. ಅದೂ ಒಂದು ಮೆಟ್ಟಿಲ ಸಾಲಿನ ಚುನಾವಣೆಗಾಗಿ.

ನಾವು ಇಲ್ಲಿಗೆ ಬಂದದ್ದು 2011ರ ಆ ದೊಡ್ಡ ಭೂಕಂಪವಾಗಿ ಒಂದೆರಡು ವರ್ಷವಾದ ಮೇಲೆ. ನನ್ನ ಹೆಂಡತಿ ಸುಧಾಗೆ ವಿಶ್ವವಿದ್ಯಾಲಯವೊಂದರಲ್ಲಿ ಸಂಶೋಧನೆಯ ಕೆಲಸ. ಬೆಳಿಗ್ಗೆ ಅವಳು ರೈಲಿನಲ್ಲಿ ನಿಂತುಕೊಂಡೇ ನಿದ್ದೆ ಮಾಡುತ್ತ ಹೋದಮೇಲೆ, ಮಗಳು ತನ್ವಿಯನ್ನು ಸ್ಕೂಲಿಗೆ ಬಿಟ್ಟು, ಬಟ್ಟೆ ಒಣಹಾಕಿ, ಹುರುಳಿಕಾಯಿ ಹೆಚ್ಚುವುದು ನನ್ನ ಪಾಲು. ಫೋನಿನಲ್ಲಿ ನಮ್ಮ ಸೋದರಮಾವ, "ಮತ್ತೆ ನೀನೇನು ಮಾಡ್ಕೊಂಡಿದೀಯೋ?" ಎಂದು ಕೇಳಿದಾಗಲೆಲ್ಲ "ಬರವಣಿಗೆ" ಎನ್ನುತ್ತಿದ್ದೆ. ಅವರು "ಆರೋಗ್ಯ ನೋಡ್ಕೋ" ಎನ್ನುತ್ತಿದ್ದರು.

ಬರವಣಿಗೆ ಎಂದದ್ದು ಸುಳ್ಳಲ್ಲ. ಹಳೆಯ ಸ್ನೇಹಿತನೊಬ್ಬ ಲಂಡನ್ನಿನ ಒಂದು ಸಣ್ಣ ಸಂಸ್ಥೆಯ ಕೆಲಸ ಕೊಡಿಸಿದ್ದ. ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳಲ್ಲಿ ಈಗ ಅಸ್ತಿತ್ವದಲ್ಲೇ ಇಲ್ಲದ ವಾರ್ಡುಗಳ ಚುನಾವಣಾ ಇತಿಹಾಸವನ್ನು ಜೋಡಿಸುವುದು. ನನ್ನ ಪಾಲಿಗೆ ಬಂದದ್ದು ಒಂದು ಪುಟ್ಟ ಪಟ್ಟಣದ ಪೂರ್ವ ದಿಕ್ಕಿನ ವಾರ್ಡು; ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಅದನ್ನು ಪಕ್ಕದ ವಾರ್ಡಿನೊಳಗೆ ಸೇರಿಸಿ ಹೆಸರು ಅಳಿಸಿದ್ದರು. ಯಾರು ನಿಂತರು, ಯಾರು ಗೆದ್ದರು, ಅಂತರ ಎಷ್ಟು, ಅಷ್ಟೇ. "ಭಾವನೆ ಬೇಡ, ಅಂಕಿ ಸಾಕು" ಎಂದು ಲಂಡನ್ನಿನವರು ಮೊದಲೇ ಹೇಳಿದ್ದರು. ನಾನು ನೋಡದ, ಮುಂದೆಯೂ ನೋಡಲಾರದ, ನೋಡಬೇಕೆಂದು ಹೋದರೂ ಸಿಗದ ಜಾಗ. ಮನೆಯಲ್ಲಿ ಅದಕ್ಕೆ 'ಅಪ್ಪನ ವಾರ್ಡು' ಎಂದೇ ಹೆಸರಾಯಿತು. ಊಟಕ್ಕೆ ಕೂತಾಗ ಸುಧಾ, "ನಿಮ್ಮ ವಾರ್ಡಲ್ಲಿ ಇವತ್ತು ಏನಾಯ್ತು?" ಎಂದು ಕೇಳುವಳು, ನಾನು ಮೂವತ್ತು ವರ್ಷದ ಹಿಂದಿನ ಸೋಲು ಗೆಲುವುಗಳನ್ನು ತಾಜಾ ಸುದ್ದಿಯಂತೆ ಬಡಿಸುವೆ.

ಆ ವಾರ್ಡಿನಲ್ಲಿ ಶ್ರೀಮತಿ ಹಾಬ್‌ಡೆನ್ ಎಂಬ ಪಕ್ಷೇತರ ಸದಸ್ಯೆ ಇದ್ದರು. ಮೊದಲ ಸಲ ಕೂದಲೆಳೆಯಲ್ಲಿ ಗೆದ್ದರು. ಎರಡನೇ ಸಲ ಮಾಂಸದಂಗಡಿಯವನೊಬ್ಬ ಎದುರು ನಿಂತ. ಅವನಿಗೆ ಬಿದ್ದ ಮತ ಅವನ ಗಿರಾಕಿಗಳಿಗಿಂತ ಕಡಿಮೆಯಿತ್ತೆಂದು ನನ್ನ ಅನುಮಾನ. ಆಮೇಲೆ ಯಾರೂ ನಿಲ್ಲಲೇ ಇಲ್ಲ. ಅವಿರೋಧ ಆಯ್ಕೆ, ಅವಿರೋಧ ಆಯ್ಕೆ, ಮತ್ತೆ ಅವಿರೋಧ ಆಯ್ಕೆ. ಕೊನೆಗೆ ಒಂದು ಸಾಲು: ವಾರ್ಡ್ ರದ್ದು. ಮಾರನೆಯ ದಿನ ಬೆಳಿಗ್ಗೆ ಎದ್ದು ಆ ಹೆಂಗಸು ಏನು ಮಾಡಿರಬಹುದು ಎಂದು ನನಗೆ ಯೋಚನೆ ಹತ್ತಿತು. ಅದಕ್ಕೆ ಕಾಲಂ ಇರಲಿಲ್ಲ.

ಈಗ ನಮ್ಮ ಕಟ್ಟಡದ ವಿಷಯ. ಐದು ಮಹಡಿಯ ಹಳೆಯ ವಸತಿ ಸಮುಚ್ಚಯ, ಲಿಫ್ಟ್ ಇಲ್ಲ. ಒಂದೊಂದು ಮೆಟ್ಟಿಲ ಸಾಲಿಗೆ ಅಂಟಿಕೊಂಡ ಮನೆಗಳದ್ದು ಒಂದೊಂದು ಗುಂಪು. ಗುಂಪಿಗೆ 'ಹಾನ್' ಎನ್ನುತ್ತಾರೆ, ಅದರ ಮುಖ್ಯಸ್ಥರಿಗೆ 'ಹಾನ್‌ಚೋ'. ನಿವಾಸಿಗಳ ಸಂಘದ ಸೂಚನೆಗಳನ್ನು ಮನೆಯಿಂದ ಮನೆಗೆ ದಾಟಿಸುವುದು, ಕಳೆ ಕೀಳುವ ಭಾನುವಾರ ಎಲ್ಲರನ್ನೂ ಹೊರಡಿಸುವುದು, ಭೂಮಿ ನಡುಗಿದರೆ ಪ್ರತಿ ಬಾಗಿಲಿಗೂ ಹೋಗಿ ಒಳಗಿರುವವರು ಕ್ಷೇಮವೇ ಎಂದು ನೋಡುವುದು ಹಾನ್‌ಚೋ ಕೆಲಸ. ವರ್ಷಕ್ಕೊಬ್ಬರಂತೆ ಸರದಿ ಎಂಬುದು ನಿಯಮ. ಆದರೆ ನಮ್ಮ ಮೆಟ್ಟಿಲಿನಲ್ಲಿ ಅರ್ಧ ಜನ ನಮ್ಮಂಥ ಭಾರತೀಯರು, ಇವತ್ತು ಬಂದು ನಾಳೆ ಹೋಗುವವರು. ಉಳಿದವರು "ತುಂಬ ಕೆಲಸ, ಸುಮಿಮಾಸೆನ್" ಎಂದು ಕ್ಷಮೆ ಕೇಳಿ ಜಾರಿಕೊಳ್ಳುವವರು. ಹಾಗಾಗಿ ನೆಲಮಹಡಿಯ, ಎಲ್ಲರೂ ಗೌರವದ 'ಸಾನ್' ಸೇರಿಸಿ ಒಗಾವಾ ಸಾನ್ ಎನ್ನುವ ವಿಧವೆ ಅಜ್ಜಿಯೇ ವರ್ಷದ ಮೇಲೆ ವರ್ಷ ಹಾನ್‌ಚೋ. ನನ್ನ ಮೂಗಿನ ಕೆಳಗೇ ಅವಿರೋಧ ಆಯ್ಕೆ ನಡೆಯುತ್ತಿತ್ತು. ನಾನು ಇಂಗ್ಲೆಂಡಿನ ಕಡೆ ನೋಡುತ್ತಿದ್ದೆ.

ಸೂಚನೆಯ ಹಾಳೆ ಸಿಕ್ಕಿಸಿದ ರಟ್ಟನ್ನು ಇಲ್ಲಿ ಎಲ್ಲರೂ ಪಕ್ಕದ ಮನೆಯ ಬಾಗಿಲ ಹಿಡಿಗೆ ಸದ್ದಿಲ್ಲದೆ ನೇತುಹಾಕಿ ಹೋಗುತ್ತಾರೆ. ಒಗಾವಾ ಸಾನ್ ಮಾತ್ರ ಗಂಟೆ ಒತ್ತಿ ಕೈಗೇ ಕೊಡುವರು. ಕೊಡುವಾಗ ಒಗ್ಗರಣೆಯ ವಾಸನೆ ಹಿಡಿದು, "ಪುರಸಾದೋ ಸಾನ್, ಇವತ್ತು ಆ ಕಪ್ಪು ಕಾಳು ಸಿಡಿಸಿದ್ದೀರಿ" ಎನ್ನುವರು. ನಾನು ಪ್ರಸಾದ, ಜಪಾನೀ ನಾಲಗೆಯ ಮೇಲೆ ಇನ್ನಷ್ಟು ಉದ್ದವಾಗಿದ್ದೆ. ಸಾಸಿವೆಯ ಬಗ್ಗೆ ಎರಡು ಮಾತು, ಮೊಣಕಾಲಿನ ಬಗ್ಗೆ ಎರಡು ಮಾತು, ಮುಂದಿನ ಬಾಗಿಲು.

ಒಂದು ದಿನ ಅವರು ಕೊಟ್ಟ ಸೂಚನೆಯಲ್ಲೇ ಸುದ್ದಿ ಇತ್ತು. ಜನ ಕಡಿಮೆಯಾದ ಕಾರಣ ನಮ್ಮ ಹಾನ್ ರದ್ದು. ಪಕ್ಕದ ಮೆಟ್ಟಿಲಿನ ಹಾನ್ ಜೊತೆ ವಿಲೀನ. ಆ ಕಡೆಯ ಮುಖ್ಯಸ್ಥರು, ನಿವೃತ್ತರಾದ ತಕೇದಾ ಸಾನ್, ಎರಡಕ್ಕೂ ಹಾನ್‌ಚೋ ಆಗುವರು. ಸಭೆ ಮುಂದಿನ ಭಾನುವಾರ.

"ನಿಮಗೂ ವಿಶ್ರಾಂತಿ ಆಯ್ತು ಬಿಡಿ" ಎಂದೆ, ನನ್ನ ಹರಕು ಜಪಾನಿಯಲ್ಲಿ.

"ದೈಜೋಬು, ದೈಜೋಬು" ಎಂದರು ಒಗಾವಾ ಸಾನ್, ಪರವಾಗಿಲ್ಲ ಎಂದು. ಎರಡು ಮೆಟ್ಟಿಲು ಇಳಿದವರು ನಿಂತರು. "ಆ ದಿನ ಭೂಮಿ ನಡುಗಿದಾಗ ನಾನು ಮೇಲಿನವರೆಗೂ ಹತ್ತಿ ಎಲ್ಲ ಬಾಗಿಲು ಬಡಿದೆ. ಅಷ್ಟು ವರ್ಷ ಇದ್ದರೂ ಕೆಲವರ ಮುಖ ನೋಡಿದ್ದು ಅವತ್ತೇ. ಹಾನ್‌ಚೋ ಅಲ್ಲದವರು ಸುಮ್ಮಸುಮ್ಮನೆ ಯಾರ ಮನೆ ಗಂಟೆ ಒತ್ತೋಕಾಗುತ್ತೆ, ಪುರಸಾದೋ ಸಾನ್? ಏನು ಅಂತ ಹೇಳೋದು?"

ಶ್ರೀಮತಿ ಹಾಬ್‌ಡೆನ್ನರ ಮಾರನೆಯ ದಿನ ನನ್ನ ಬಾಗಿಲ ಮುಂದೆ ನಿಂತಿತ್ತು.

ನಾನು ಮಾಡಬೇಕಾಗಿದ್ದದ್ದು ಏನೂ ಇರಲಿಲ್ಲ. ಆದರೆ ಊರೂರಿನ ಚುನಾವಣೆ ಅರೆದು ಕುಡಿದವನಿಗೆ ಒಂದು ಮೆಟ್ಟಿಲ ಸಾಲಿನದ್ದು ಯಾವ ಲೆಕ್ಕ! ವಿಲೀನ ಆಗಲಿ, ಹೊಸ ಹಾನ್‌ಗೆ ಹಾನ್‌ಚೋ ಯಾರೆಂದು ಮತದಾನ ನಡೆಯಲಿ. ಬಾಗಿಲು ಬಾಗಿಲಿಗೂ ಹೋಗುವ ಒಗಾವಾ ಸಾನ್ ಎದುರು, ನಗುವುದನ್ನು ಯಾರೂ ನೋಡಿರದ ತಕೇದಾ ಸಾನ್ ನಿಲ್ಲುವರೇ? ಸುಧಾ ಮಾತ್ರ, "ಇಲ್ಲಿ ಸಭೆಗೆ ಮುಂಚೆನೇ ಎಲ್ಲರನ್ನೂ ಕೇಳಿ ತೀರ್ಮಾನ ಮಾಡಿರ್ತಾರೆ. ಸಭೇಲಿ ತಲೆ ಆಡಿಸೋದಷ್ಟೇ. ನೀವು ಸುಮ್ನೆ ಕೂತು ಬನ್ನಿ" ಎಂದಳು. ಪ್ರಜಾಪ್ರಭುತ್ವದ ವಿಷಯದಲ್ಲಿ ವಿಜ್ಞಾನಿಗಳ ಸಲಹೆ ತೆಗೆದುಕೊಳ್ಳಬಾರದೆಂದು ನಾನು ಕೇಳಿಸಿಕೊಳ್ಳಲಿಲ್ಲ.

ಸಭೆಯಲ್ಲಿ ತಕೇದಾ ಸಾನ್ ಸೂಚನೆ ಓದಿದರು. ಎಲ್ಲರೂ ತಲೆಯಾಡಿಸಿದರು. ನಾನು ಕೈಯೆತ್ತಿದೆ. ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದ ವಾಕ್ಯ ಹೇಳಿದೆ: ಹೊಸ ಹಾನ್‌ಚೋರನ್ನು ಚೀಟಿಯಲ್ಲಿ ಹೆಸರು ಬರೆದು, ಗುಪ್ತ ಮತದಾನದಿಂದ ಆರಿಸೋಣ. ಯಾರೋ ಹಲ್ಲಿನ ಸಂದಿಯಿಂದ ದೀರ್ಘವಾಗಿ ಉಸಿರೆಳೆದುಕೊಂಡರು. ಅದನ್ನು ನಾನು ಒಪ್ಪಿಗೆಯೆಂದು ದಾಖಲಿಸಿಕೊಂಡೆ. ಮೂರನೇ ಮಹಡಿಯ ನಾಗರಾಜ, ದಾವಣಗೆರೆಯವನು, ಐಟಿ ಕಂಪನಿಯಲ್ಲಿರುವವನು, ನನ್ನ ಕಿವಿಯಲ್ಲಿ, "ಏನ್ ಗುರೂ, ಎಲೆಕ್ಷನ್ನೇ ತಂದುಬಿಟ್ಯಲ್ಲ! ಬಾಡೂಟ ಯಾವತ್ತು?" ಎಂದ.

ಚೀಟಿಗಳು ಬಿಸ್ಕತ್ತಿನ ಡಬ್ಬದೊಳಗೆ ಬಿದ್ದವು. ತಕೇದಾ ಸಾನ್ ಒಂದೊಂದಾಗಿ ಬಿಡಿಸಿ ಓದಿದರು. "ಪುರಸಾದೋ ಸಾನ್." ಯಾರೋ ತಮಾಷೆ ಮಾಡಿದ್ದಾರೆ ಎಂದುಕೊಂಡೆ. "ಪುರಸಾದೋ ಸಾನ್. ಪುರಸಾದೋ ಸಾನ್." ಓದುತ್ತ ಓದುತ್ತ ತಕೇದಾ ಸಾನ್ ಮುಖ ಅರಳತೊಡಗಿತು. ಬೇಡ ಎನ್ನಲಾಗದೆ ಒಪ್ಪಿಕೊಂಡಿದ್ದ ಮನುಷ್ಯನ ಹೆಗಲಿನಿಂದ ಒಂದೊಂದೇ ಚೀಟಿ ಭಾರ ಇಳಿಸುತ್ತಿತ್ತು. ಒಗಾವಾ ಸಾನ್ ಹೆಸರಿಗೆ ಒಂದೇ ಒಂದು ಮತ. ಮಳೆಯಲ್ಲಿ ನೆನೆದ ಇರುವೆಗಳಂತಿದ್ದ ಅಕ್ಷರ. ಅದು ಯಾರ ಕೈಬರಹವೆಂದು ಇಡೀ ಸಭೆಗೆ ತಿಳಿಯಿತು. ಎಲ್ಲರೂ ನನ್ನತ್ತ ಕರುಣೆಯಿಂದ ನೋಡಿದರು. ಗುಪ್ತ ಮತದಾನ ಅಲ್ಲಿಗೆ ಮುಗಿಯಿತು. ಮೊದಲು ಎದ್ದು ಬಾಗಿ ನನಗೆ ಅಭಿನಂದನೆ ಹೇಳಿದವರು ಒಗಾವಾ ಸಾನ್.

"ನೀನ್ಯಾಕಯ್ಯಾ ನನಗೆ ಹಾಕ್ದೆ?" ಎಂದು ಮೆಟ್ಟಿಲ ಮೇಲೆ ನಾಗರಾಜನನ್ನು ಹಿಡಿದು ಕೇಳಿದೆ.

"ಇನ್ಯಾರಿಗೆ ಹಾಕ್ಲಿ ಗುರೂ? ನಮ್ಮ ಮೆಟ್ಟಿಲಲ್ಲಿ ಹಗಲು ಹೊತ್ತು ಮನೇಲಿರೋ ಗಂಡಸು ನೀನೊಬ್ನೇ. ನಮ್ಮನೆಯವಳೂ ಅದನ್ನೇ ಹೇಳಿ ಕಳಿಸಿದ್ಲು."

ಸುಧಾ ಮನೆಯಲ್ಲಿ ನಕ್ಕು ನಕ್ಕು ಸಾಕಾಗಿ, ಕಣ್ಣೊರೆಸಿಕೊಂಡು ಹೇಳಿದಳು: "ರೀ, ಇಲ್ಲಿ ಕೈಯೆತ್ತಿ ಮಾತಾಡಿದವರು ಆ ಕೆಲಸ ನನಗೇ ಬೇಕು ಅಂತ ಕೇಳಿದ ಹಾಗೆ. ಪಾಪ, ಅವರು ನಿಮ್ಮ ಆಸೆ ಪೂರೈಸಿದ್ದಾರೆ."

"ಅಪ್ಪಾ, ಯು ಲಾಸ್ಟ್?" ಎಂದಳು ತನ್ವಿ.

"ಗೆದ್ದೆ ಕಣೇ."

"ದೆನ್ ವೈ ಆರ್ ಯು ಸ್ಯಾಡ್?"

ಗೆದ್ದವರ ದುಃಖದ ಬಗ್ಗೆ ನಾನು ಇಷ್ಟು ವರ್ಷ ಒಂದು ಸಾಲೂ ಬರೆದಿರಲಿಲ್ಲ. ಅಜ್ಜಿಯ ಕೆಲಸ ಉಳಿಸಹೊರಟು ಅದನ್ನು ನಾನೇ ಕಿತ್ತುಕೊಂಡು ಬಂದಿದ್ದೆ. ಮಾರನೆಯ ದಿನ ಅವರ ಮನೆಗೆ ಹೋಗಿ, ನನ್ನ ಬದಲು ನೀವೇ ಮಾಡಿ ಎಂದು ಬೇಡಿಕೊಂಡೆ. "ಮತದಾನ ಆಗಿದೆಯಲ್ಲ" ಎಂದರು, ನಗುತ್ತಲೇ. ಫಲಿತಾಂಶವನ್ನು ಗೌರವಿಸಬೇಕೆಂದು ಜಗತ್ತಿಗೆಲ್ಲ ಹೇಳುತ್ತಿದ್ದವನು ಬಾಗಿ ವಂದಿಸಿ ಮನೆಗೆ ಬಂದೆ. ನನ್ನ ಆಡಳಿತ ಶುರುವಾಯಿತು. ಗಂಟೆ ಒತ್ತಿದರೆ ಜಪಾನಿ ಮಾತಾಡಬೇಕಾಗುತ್ತದೆಂಬ ಹೆದರಿಕೆಗೆ ನಾನೂ ಸೂಚನೆಯ ರಟ್ಟನ್ನು ಬಾಗಿಲ ಹಿಡಿಗೆ ನೇತುಹಾಕಿ ಬೆಕ್ಕಿನ ಹಾಗೆ ಇಳಿದು ಬರುತ್ತಿದ್ದೆ. ಸಾಸಿವೆ ಸಿಡಿದದ್ದನ್ನು ಯಾರೂ ಗಮನಿಸಲಿಲ್ಲ. ಒಗಾವಾ ಸಾನ್ ಕಿಟಕಿಯ ಪರದೆ ಮಧ್ಯಾಹ್ನವೂ ಎಳೆದೇ ಇರುತ್ತಿತ್ತು.

ಒಂದು ಶನಿವಾರ ಬೆಳಿಗ್ಗೆ ಭೂಮಿ ಅಲುಗಿತು. ಸುಧಾ ಪ್ರಯೋಗಾಲಯಕ್ಕೆ ಹೋಗಿದ್ದಳು. ಮೊದಲು ಪಾತ್ರೆಗಳು ಮಾತಾಡಿದವು, ಆಮೇಲೆ ಕಪಾಟು. ನಾನು ಇಂಗ್ಲೆಂಡಿನ ಫಲಿತಾಂಶಗಳಿದ್ದ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ನಡುಮನೆಯಲ್ಲಿ ನಿಂತುಬಿಟ್ಟೆ. ತನ್ವಿ ಆಗಲೇ ಮೇಜಿನ ಕೆಳಗೆ, ಸ್ಕೂಲಿನಲ್ಲಿ ಕಲಿಸಿದಂತೆ ಮೇಜಿನ ಕಾಲು ಹಿಡಿದು, "ಅಪ್ಪಾ, ಹೆಡ್! ಹೆಡ್!" ಎಂದು ಕೂಗಿ ನನ್ನನ್ನೂ ಒಳಗೆಳೆದುಕೊಂಡಳು. ಅಲುಗಾಟ ನಿಂತಿತು. ಎದ್ದು ಪ್ರತಿ ಬಾಗಿಲಿಗೂ ಹೋಗಬೇಕಾದವನು ನಾನು ಎಂಬುದು ನೆನಪಿತ್ತು. ಏಳುವುದು ಹೇಗೆಂಬುದು ನೆನಪಾಗುತ್ತಿರಲಿಲ್ಲ.

ಆಗ ಬಾಗಿಲ ಗಂಟೆ ಸದ್ದಾಯಿತು.

ತನ್ವಿ ಬಾಗಿಲು ತೆಗೆದಳು. ಬಿಳಿ ಹೆಲ್ಮೆಟ್ ತೊಟ್ಟ ಒಗಾವಾ ಸಾನ್, ಏದುಸಿರು ಬಿಡುತ್ತ, ಬಗ್ಗಿ ಮೇಜಿನ ಕೆಳಗೆ ಇಣುಕಿದರು. "ಹಾನ್‌ಚೋ ಸಾನ್, ಕ್ಷೇಮವೇ?"

"ನೀವು... ನಿಮ್ಮ ಮೊಣಕಾಲು..." ಎಂದೆ.

"ಹಾನ್‌ಚೋ ಎಲ್ಲರನ್ನೂ ನೋಡಬೇಕು. ಹಾನ್‌ಚೋನ ಯಾರು ನೋಡಬೇಕು? ಅದನ್ನ ನಿಯಮದಲ್ಲಿ ಬರೆದೇ ಇಲ್ಲ" ಎಂದರು. ಬಹಳ ದಿನ ಹುಡುಕಿ ಒಂದು ನೆಪ ಸಿಕ್ಕವರ ಮುಖ ಅದು. "ಏಳಿ, ಏಳಿ. ಐದನೇ ಮಹಡಿ ಮೊದಲು."

ನಾನು ಎದ್ದೆ. ತನ್ವಿಯ ಕೈ ಹಿಡಿದು, ಅವರ ಹಿಂದೆ ಟಾರ್ಚ್ ಹಿಡಿದು ಹತ್ತಿದೆ, ಬೆಳಗಿನ ಬಿಸಿಲಿನಲ್ಲಿ ಟಾರ್ಚ್ ಯಾಕೆಂದು ಯಾರೂ ಕೇಳಲಿಲ್ಲ. ಗಂಟೆ ಒತ್ತಿದವರು ಅವರು, ಮಾತಾಡಿದವರು ಅವರು. ಬಾಗಿಲು ತೆರೆದಲ್ಲೆಲ್ಲ, "ಹಾನ್‌ಚೋ ಸಾನ್ ವಿಚಾರಿಸಲು ಬಂದಿದ್ದಾರೆ" ಎಂದು ನನ್ನನ್ನು ಮುಂದೆ ತಳ್ಳುವರು. ನಾನು ಬಾಗುವೆ. ನಾಗರಾಜ ಲುಂಗಿಯಲ್ಲೇ ಬಾಗಿಲು ತೆಗೆದು, "ಭಾರೀ ಸರ್ವಿಸ್ ಗುರೂ! ನಿಂಗೇ ಓಟ್ ಹಾಕಿದ್ದು ಸಾರ್ಥಕ ಆಯ್ತು" ಎಂದ. ಎರಡೂ ಮೆಟ್ಟಿಲ ಸಾಲು ಮುಗಿಸಿ ಬಂದಾಗ ಒಗಾವಾ ಸಾನ್ ಮೊಣಕಾಲು ಹಿಡಿದುಕೊಂಡು ನಮ್ಮ ಮನೆಯಲ್ಲಿ ಕೂತು, ಚಹಾ ಕುಡಿದು, ಮುಂದಿನ ವಾರದ ಸೂಚನೆಯ ರಟ್ಟನ್ನು ತಾವೇ ತೆಗೆದುಕೊಂಡು ಹೋದರು. ಹಾನ್‌ಚೋಗೆ ಹುಷಾರಿಲ್ಲವೆಂದು ಎಲ್ಲರಿಗೂ ಹೇಳುವುದಾಗಿ ಮಾತು ಕೊಟ್ಟರು. ಅಂದಿನಿಂದ ನನಗೆ ಹುಷಾರಿಲ್ಲ.

ಅಪ್ಪನ ವಾರ್ಡಿನ ಇತಿಹಾಸ ಲಂಡನ್ನಿಗೆ ಹೋಗಿ ಸೇರಿತು. ಕೊನೆಯಲ್ಲಿ ಶ್ರೀಮತಿ ಹಾಬ್‌ಡೆನ್ ವಾರ್ಡ್ ರದ್ದಾದ ಮೇಲೂ ಬಾಗಿಲು ಬಡಿಯುತ್ತಿದ್ದಿರಬಹುದು ಎಂದೊಂದು ಸಾಲು ಸೇರಿಸಿದ್ದೆ. ಆಧಾರವಿಲ್ಲವೆಂದು ತೆಗೆದುಹಾಕಿದರು. ಅವರು ಮಾಡಿದ್ದು ಸರಿ; ಅವರ ಜಾಗದಲ್ಲಿದ್ದರೆ ನಾನೂ ತೆಗೆಯುತ್ತಿದ್ದೆ. ಮುಂದೆಂದಾದರೂ ಯಾರಾದರೂ ನಮ್ಮ ಮೆಟ್ಟಿಲ ಸಾಲಿನ ಚುನಾವಣಾ ಇತಿಹಾಸ ಬರೆದರೆ, ಪ್ರಸಾದ ಎಂಬ ವಿದೇಶೀಯ ಭಾರೀ ಬಹುಮತದಿಂದ ಗೆದ್ದನೆಂದು ಬರೆದಾರು. ಅದು ನಿಜವೇ. ಗೆದ್ದ ಅಭ್ಯರ್ಥಿಯನ್ನು ಸೋತವರೇ ಬಂದು ಮೇಜಿನ ಕೆಳಗಿನಿಂದ ಹೊರಗೆ ಕರೆದರೆಂಬುದಕ್ಕೆ ಕಾಲಂ ಇರುವುದಿಲ್ಲ.