ಒಂದೇ ಶಾಮಿಯಾನಕ್ಕೆ ಎರಡು ಯಜಮಾನ ಕಂಪ್ಯೂಟರ್

ಯಾವುದನ್ನೇ ಆರಿಸುವಾಗ ನಾನು ಎರಡು ವಿಷಯ ನೋಡುತ್ತೇನೆ. ಒಂದು, ಕಾರ್ಕಳದ ಕಾಲೇಜಿನ ಗೆಳೆಯರು ಅದನ್ನು ಕಂಡು ಹೊಟ್ಟೆ ಉರಿಸಿಕೊಳ್ಳುತ್ತಾರೋ ಇಲ್ಲವೋ. ಇನ್ನೊಂದು ಯಾವುದೆಂದು ಈಗ ನೆನಪಿಲ್ಲ. ಅದರ ಅಗತ್ಯ ಈವರೆಗೆ ಬಿದ್ದಿಲ್ಲ.

ಕಾಪುವಿನಲ್ಲಿ ನನ್ನ ಮಾವನಿಗೆ ಶಾಮಿಯಾನದ ಅಂಗಡಿ, ಹಿರಿಯಡ್ಕದಲ್ಲಿ ಅದರ ಬ್ರಾಂಚು. ಬ್ರಾಂಚಿನಲ್ಲಿ ಕೂರುವುದು ನನ್ನ ಚಿಕ್ಕಮ್ಮ. ಬುಕ್ಕಿಂಗೆಲ್ಲ ಕಾಪುವಿನ ಕಂಪ್ಯೂಟರಿನ ಡೇಟಾಬೇಸಿಗೆ ಸೇರಿ, ಅದರ ತದ್ರೂಪು ಆ ಕ್ಷಣವೇ ಹಿರಿಯಡ್ಕದಲ್ಲಿ ಕೂರುತ್ತದೆ. ಇದೇ ಸ್ಟ್ಯಾಂಡ್‌ಬೈ. ಕಾಪುವಿನದು ಸತ್ತರೆ ಇದು ಕೆಲಸ ಮುಂದುವರಿಸಬೇಕು. ಇದನ್ನು ನೋಡಿಕೊಳ್ಳುವ ಸಾಫ್ಟ್‌ವೇರ್ ಟೂಲ್ ಆರಿಸುವ ಜವಾಬ್ದಾರಿಯನ್ನು ನನಗೆ ಕೊಟ್ಟರು. ಇಡೀ ಉಡುಪಿ ಜಿಲ್ಲೆಯಲ್ಲಿ ಬೇರೆ ಯಾರಿದ್ದಾರೆ ಹೇಳಿ?

ಮೊದಲನೆಯ ಟೂಲಿನಲ್ಲಿ ಕಪ್ಪು ಪರದೆ, ಎಲ್ಲ ನಾವೇ ಟೈಪ್ ಮಾಡಬೇಕು. ಎರಡನೆಯದು ಕೆಲಸವನ್ನು ಸ್ಟ್ಯಾಂಡ್‌ಬೈಗೆ ವಹಿಸುವ ಮೊದಲು ಮನುಷ್ಯರನ್ನು ಕೇಳುತ್ತದೆ, ಹೆದರುಪುಕ್ಕಲು ಸ್ವಭಾವ. ಮೂರನೆಯದು ಯಾರನ್ನೂ ಕೇಳುವುದಿಲ್ಲ. ಅದರ ಪರದೆ ತುಂಬ ಮಿನುಗುವ ಹಸಿರು ದೀಪಗಳು, ರಾಕೆಟ್ ಹಾರಿಸುವ ಕೋಣೆಯ ಹಾಗೆ. ಫೋಟೋ ತೆಗೆದು ಗೆಳೆಯರಿಗೆ ಕಳಿಸಿದ ಮೇಲೆ ಆರಿಸುವುದಕ್ಕೆ ಏನೂ ಉಳಿದಿರಲಿಲ್ಲ.

"ಯಾರನ್ನೂ ಕೇಳದೆ ಅದು ಯಜಮಾನ ಆಗುವುದಾ ಮಗಾ?" ಎಂದರು ಚಿಕ್ಕಮ್ಮ.

"ಅದೇ ಅಲ್ವಾ ಚಿಕ್ಕಮ್ಮ ಸ್ಪೆಷಲ್!"

ಈಗ ಮಾವನ ಒಂದು ಅಭ್ಯಾಸ ಹೇಳಬೇಕು. ನಮ್ಮ ಕಡೆ ದೂರದಲ್ಲೆಲ್ಲೋ ಗುಡುಗು ಕೆಮ್ಮಿದರೂ ಜನ ಎದ್ದು ಟಿವಿ, ಮಿಕ್ಸಿಗಳ ಪ್ಲಗ್ ಕೀಳುತ್ತಾರೆ. ಮಾವನಂತೂ ಮೋಡ ಕಂಡರೇ ಏಳುವವರು. ಮೊನ್ನೆ ಕಡಲ ಮೇಲೆ ಒಂದು ಗುಡುಗು ಉರುಳಿತು. ಮಾವ ಇಂಟರ್ನೆಟ್ಟಿನ ಡಬ್ಬದ ಪ್ಲಗ್ ಕಿತ್ತರು. ಎದುರಿಗೆ ಗಿರಾಕಿ ಕೂತಿದ್ದರಿಂದ ಕಂಪ್ಯೂಟರನ್ನು ಮಾತ್ರ ಬ್ಯಾಟರಿಯಲ್ಲಿ ನಡೆಸಿ, ಉಚ್ಚಿಲದ ನಾಮಕರಣಕ್ಕೆ ಭಾನುವಾರ ದೊಡ್ಡ ಶಾಮಿಯಾನ ಬುಕ್ ಮಾಡಿದರು. ಅತ್ತ ಹಿರಿಯಡ್ಕದಲ್ಲಿ ಚೆಂದದ ಬಿಸಿಲು. ಕಾಪುವಿನ ಕಂಪ್ಯೂಟರಿನ ಸುದ್ದಿಯೇ ಇಲ್ಲದ್ದರಿಂದ ನನ್ನ ಟೂಲ್ ಅದು ಸತ್ತಿತೆಂದು ತಿಳಿದು ಸ್ಟ್ಯಾಂಡ್‌ಬೈಗೆ ಪಟ್ಟ ಕಟ್ಟಿತು. ಮಾವನ ಬುಕ್ಕಿಂಗ್ ಅಲ್ಲಿಗೆ ತಲುಪಿರಲೇ ಇಲ್ಲವಲ್ಲ, ಚಿಕ್ಕಮ್ಮ ಅದರಲ್ಲಿ ಒಂದು ನಿಶ್ಚಿತಾರ್ಥ ಬುಕ್ ಮಾಡಿದರು. ಅದೇ ಭಾನುವಾರ, ಅದೇ ದೊಡ್ಡ ಶಾಮಿಯಾನ. ಇರುವುದೇ ಒಂದು.

"ಎರಡು ಕಡೆಗೂ ಮಾತು ಕೊಟ್ಟಾಗಿದೆ ಮಾರಾಯ! ಇನ್ನು ಊರಲ್ಲಿ ನಾನು ಮುಖ ತೋರಿಸುವುದು ಹೇಗೆ?" ಎಂದರು ಮಾವ.

"ಮಾವ, ಟೂಲ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ."

"ಹೌದಾ? ಹಾಗಾದ್ರೆ ಭಾನುವಾರ ಕಂಬವನ್ನೂ ಅದೇ ಹೊರ್ಲಿ."

ಟೂಲಿಗೆ ಹೆಗಲಿಲ್ಲವಲ್ಲ. ಆ ಸಂಜೆಯೇ ಹೆದರುಪುಕ್ಕಲು ಟೂಲನ್ನು ಹಾಕಿದೆ. ನಾಮಕರಣ ಬೆಳಿಗ್ಗೆ, ನಿಶ್ಚಿತಾರ್ಥ ಸಂಜೆ ಎಂಬುದೊಂದೇ ನಮ್ಮ ಪುಣ್ಯ. ಭಾನುವಾರ ಉಚ್ಚಿಲದಲ್ಲಿ ಊಟ ಮುಗಿಯುವ ಮೊದಲೇ ನಾನು ಹಗ್ಗ ಬಿಚ್ಚಲು ನಿಂತಿದ್ದೆ. ಕೊನೆಯ ಕುರ್ಚಿಯಲ್ಲಿ ಒಬ್ಬ ಅಜ್ಜ ಐಸ್‌ಕ್ರೀಮನ್ನು ಜಪದಂತೆ ತಿನ್ನುತ್ತಿದ್ದರು.

"ಅಜ್ಜ, ಸ್ವಲ್ಪ ಏಳ್ತೀರಾ?"

"ಎಂತಕೆ, ಒಳಗೆ ಇನ್ನೂ ಉಂಟಾ?"

ಟೆಂಪೊದಲ್ಲಿ ಕಂಬಗಳ ಮೇಲೆ ಕೂತು ಹಿರಿಯಡ್ಕ ತಲುಪಿದೆ. ಶಾಮಿಯಾನ ಎದ್ದು ನಿಂತಾಗ ಮೊದಲ ಕಾರು ಬಂದೇಬಿಟ್ಟಿತು. ನನ್ನ ಜೊತೆ ಬಂದಿದ್ದ ಮಾವ ಕೊನೆಯ ಹಗ್ಗ ಬಿಗಿದು ಕೈ ಒರೆಸಿಕೊಂಡರು. ಹುಡುಗಿಯ ಅಪ್ಪ ಖುಷಿಯಿಂದ ನನ್ನ ಬಳಿ ಬಂದರು. "ನಿಮ್ಮ ಅಂಗಡಿಗೆ ಕಂಪ್ಯೂಟರ್ ವ್ಯವಸ್ಥೆ ಮಾಡಿದ ಹುಡುಗ ಒಬ್ಬ ಉಂಟಂತಲ್ಲ, ಭಾರಿ ಬುದ್ಧಿವಂತನಂತೆ. ಬಂದಿದ್ದಾನಾ?"

ಮಾವ ಪಕ್ಕದಲ್ಲೇ ನಿಂತು ನನ್ನನ್ನು ನೋಡುತ್ತಿದ್ದರು.

"ಗೊತ್ತಿಲ್ಲ ಅಂಕಲ್, ನಾನು ಬರೀ ಕುರ್ಚಿ ಹಾಕುವವ" ಎಂದೆ.