ಏಳನೆಯ ನೆಲಮಾಳಿಗೆ

ದೊಡ್ಡ ಹಾಸುಬಟ್ಟೆಯನ್ನು ಒಬ್ಬರೇ ಹಿಂಡುವುದು ಸುಲಭವಲ್ಲ. ಜೋಡಪ್ಪ ಅದರ ಒಂದು ತುದಿಯನ್ನು ಹಿತ್ತಲಿನ ನಲ್ಲಿಗೆ ಗಂಟು ಹಾಕಿ, ಇನ್ನೊಂದು ತುದಿ ಹಿಡಿದು ತಿರುಚುತ್ತಿದ್ದ. ಮೂರು ತಿಂಗಳ ಹಿಂದಿನವರೆಗೆ ಆ ತುದಿಯಲ್ಲಿ ಹೆಂಡತಿ ಇರುತ್ತಿದ್ದಳು. ನಲ್ಲಿ ಅವಳಷ್ಟು ಗಟ್ಟಿಯಲ್ಲ ಎನ್ನುವುದು ಅವನಿಗೆ ತಿಳಿದದ್ದು, ಅದು ಗೋಡೆಯಿಂದ ಕಿತ್ತು ಕೈಗೆ ಬಂದಾಗ. ನೀರು ಚಿಮ್ಮಿತು. ಆಗ ತಾನೇ ಗೇಟು ತೆರೆದು ಒಳಗೆ ಕಾಲಿಟ್ಟ ಅಂಚೆಯವನು ಮುಖದಿಂದ ಚೀಲದವರೆಗೆ ತೊಯ್ದು ತೊಪ್ಪೆಯಾದ.

"ಅಯ್ಯೋ ಜೋಡಪ್ಪನೋರೇ! ಪಾರ್ಸಲ್ ಕೊಡೋಕೆ ಬಂದವನಿಗೆ ಸ್ನಾನ ಮಾಡಿಸ್ತೀರಲ್ಲ!"

ಜೋಡಪ್ಪ ಎನ್ನುವುದು ಬೀದಿಯವರು ಇಟ್ಟ ಹೆಸರು. ಜೋಡಿನ ಅಂಗಡಿಯಲ್ಲಿ ಗಿರಾಕಿಗಳ ಪಾದದ ಅಳತೆ ತೆಗೆದು, ತೊಡಿಸಿ, ಬಿಚ್ಚಿ, ಮತ್ತೆ ತೊಡಿಸುವುದು ಅವನ ಕೆಲಸ. ಬೇರೆಯವರ ಕಾಲ ಬುಡದಲ್ಲಿ ಕೂತು ಕೂತು ನಿಂತಾಗಲೂ ಅರ್ಧ ಕೂತವನಂತೆಯೇ ಕಾಣುತ್ತಿದ್ದ. ಈಗ ಆ ಅರ್ಧ ಕೂತ ಭಂಗಿಯಲ್ಲೇ ನಲ್ಲಿಯ ತೂತಿಗೆ ಅಂಗೈ ಒತ್ತಿ ಹಿಡಿದು, "ಅಮ್ಮಾ!" ಎಂದು ಕೂಗಿದ.

ಕೂಗಿದ್ದು ಕೆಳಗೆ ವಾಸವಿದ್ದ ಮನೆಯೊಡತಿಯನ್ನು. ಆಕೆ ಯಾರಾದರೂ ಕರೆಯುವ ಮೊದಲೇ ಬರುವವಳು. ಬಂದವಳು ಹಗ್ಗದ ಮೇಲಿದ್ದ ಅವನದೇ ಅಂಗಿಯನ್ನು ಎಳೆದು ತೂತಿಗೆ ತುರುಕಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನಲ್ಲಿ ಆಮೇಲೆ ನೋಡ್ಕೊಳ್ಳೋಣ. ಆ ಪಾರ್ಸಲ್ ನೆಂದಿದೆ, ಈಗಲೇ ಬಿಚ್ಚದಿದ್ರೆ ಒಳಗಿರೋದು ಮುಗ್ಗಲು ಹಿಡಿಯುತ್ತೆ. ಕೊಡಿ ಇಲ್ಲಿ."

"ಅದು ಅವರ ಹೆಸರಿಗೆ ಬಂದಿರೋದಮ್ಮ," ಎಂದ ಅಂಚೆಯವನು, ದನಿ ತಗ್ಗಿಸಿ. "ತೀರಿಕೊಂಡ ಅಕ್ಕನ ಹೆಸರಿಗೆ."

ಒಡತಿಯ ಕೈ ಒಂದು ಕ್ಷಣ ನಿಂತಿತು. ಆಮೇಲೆ ದಾರ ಬಿಚ್ಚಿದಳು. ಒಳಗೊಂದು ನೀಲಿ ಸ್ವೆಟರ್. ಅದಕ್ಕೆ ಒಂದೇ ತೋಳು. ಜೊತೆಗೊಂದು ಚೀಟಿ, ಅಕ್ಷರಗಳು ಒಂದರ ಮೇಲೊಂದು ಹತ್ತಿಕೊಂಡಿದ್ದವು. 'ಮಗಳೇ, ಕಣ್ಣು ಮಂಜಾಗಿದೆ. ಒಂದು ತೋಳು ಹೆಣೆದಿದ್ದೇನೆ. ಹಾಕಿಕೊಂಡು ನೋಡಿ ಉದ್ದ ಸರಿಯಿದೆಯೋ ಇಲ್ಲವೋ ಬರೆ. ನೀನು ಬರೆದ ಮೇಲೆ ಇನ್ನೊಂದಕ್ಕೆ ಕೈ ಹಾಕುತ್ತೇನೆ. ಯಾಕೆ ಕಾಗದವಿಲ್ಲ? ಅಳಿಯಂದಿರ ಮೇಲೆ ಕೋಪವೇ?'

ಒಡತಿ ಚೀಟಿಯನ್ನು ಮಡಿಸಿದಳು.

"ನಿಮ್ಮ ಅತ್ತೆಗೆ ಇನ್ನೂ ತಿಳಿಸೇ ಇಲ್ವಾ?"

ಜೋಡಪ್ಪ ಹಾಸುಬಟ್ಟೆಯ ತುದಿಯನ್ನು ನೋಡುತ್ತ ನಿಂತ. ಅತ್ತೆಯ ಊರು ಸಮುದ್ರದ ಆಚೆ. ಫೋನಿಲ್ಲ, ಹತ್ತಿರದವರಿಲ್ಲ. ಮೊದಲ ದಿನ ತಂತಿ ಕೊಡಲು ಹೋಗಿದ್ದ. ಅಲ್ಲಿನ ಗುಮಾಸ್ತ, "ಕಡಿಮೆ ಪದದಲ್ಲಿ ಹೇಳಿ," ಎಂದ. ಕಡಿಮೆ ಪದದಲ್ಲಿ ಹೇಳಲಾಗದೆ ವಾಪಸು ಬಂದ. ಕಾಗದ ಬರೆಯೋಣವೆಂದು ಕೂತ. ಹೆಚ್ಚು ಪದಗಳಲ್ಲಿಯೂ ಹೇಳಲು ಬರಲಿಲ್ಲ.

"ಬರೀಬೇಕಮ್ಮ. ಒಂದು ಕೆಲಸ ಬಾಕಿ ಇದೆ. ಅದಾದ ಮೇಲೆ ಬರೀತೀನಿ."

"ಏನದು ಕೆಲಸ?"

"ಇವಳನ್ನ ಮೇಲಕ್ಕೆ ತರ್ಬೇಕು. ಏಳನೇ ನೆಲಮಾಳಿಗೇಲಿ ಬಿದ್ದಿದ್ದಾಳೆ."

ಒಡತಿ ಅಂಚೆಯವನ ಮುಖ ನೋಡಿದಳು. "ನನ್ನ ಮನೆಗೆ ಒಂದು ನೆಲಮಾಳಿಗೆಯೂ ಇಲ್ಲ," ಎಂದಳು ಮೆಲ್ಲಗೆ, ಜ್ವರ ಬಂದ ಮಗುವಿಗೆ ಹೇಳುವ ಹಾಗೆ. ಆಮೇಲೆ ಅಂಚೆಯವನ ಕಿವಿಯಲ್ಲಿ, "ಓಡಿ, ಕ್ಷೌರದಂಗಡಿಯವನನ್ನೂ ಡ್ರೈವಿಂಗ್ ಮೇಷ್ಟ್ರನ್ನೂ ಕರ್ಕೊಂಡು ಬನ್ನಿ. ಹಿಡ್ಕೊಳ್ಳೋಕೆ ಇಬ್ಬರು ಗಂಡಸರಾದ್ರೂ ಬೇಕು," ಎಂದಳು.

ಅವರು ಬರುವಷ್ಟರಲ್ಲಿ ಜೋಡಪ್ಪ ಟೀವಿಯ ಮುಂದೆ ಕೂತಿದ್ದ. ಟೀವಿಗೆ ಒಂದು ಕಂಪ್ಯೂಟರ್ ಜೋಡಿಸಿತ್ತು; ಕಂಪ್ಯೂಟರ್ ಎಂದರೆ ಒಂದು ದಪ್ಪ ಕೀಲಿಮಣೆ, ಪಕ್ಕದಲ್ಲಿ ಡಿಸ್ಕು ನುಂಗುವ ಪೆಟ್ಟಿಗೆ. ಹೆಂಡತಿ ಸಿನೆಮಾ ಮಂದಿರದಲ್ಲಿ ಟಿಕೆಟ್ ಹರಿಯುತ್ತಿದ್ದವಳು. ಮುಚ್ಚಿಹೋಗುತ್ತಿದ್ದ ಅಂಗಡಿಯೊಂದರಿಂದ ಅದನ್ನು ಹೊತ್ತು ತಂದಿದ್ದಳು. ಪೆಟ್ಟಿಗೆ ಕೆಲಸ ಮಾಡುವಾಗ ಯಾರೋ ತಳ ಹಿಡಿದ ಪಾತ್ರೆಯನ್ನು ತಿಕ್ಕಿದಂತೆ ಸದ್ದು ಬರುತ್ತಿತ್ತು. ಆ ಸದ್ದು ಕೇಳುತ್ತ ಜೋಡಪ್ಪ ಪೇಪರ್ ಓದುತ್ತಿದ್ದ, ಅವಳು ಅದರಲ್ಲಿ ಒಂದು ಆಟ ಆಡುತ್ತಿದ್ದಳು. ಆಸ್ಪತ್ರೆಯಲ್ಲಿ ಕೊನೆಯ ವಾರ ಅವಳು ನಗುತ್ತ ಹೇಳಿದ್ದಳು: "ನಮ್ಮವರೊಬ್ಬರು ಏಳನೇ ನೆಲಮಾಳಿಗೇಲಿ ಬಿದ್ದಿದ್ದಾರೆ ರೀ. ನನ್ನಿಂದ ತರೋಕಾಗ್ಲಿಲ್ಲ. ನೀವು ತರ್ತೀರಾ?" ತರುತ್ತೇನೆ ಎಂದಿದ್ದ.

"ಆಟ ಹೀಗಿದೆ," ಎಂದು ಅವನು ಎಲ್ಲರಿಗೂ ವಿವರಿಸಿದ. "ಮೇಲೆ ಊರು. ಕೆಳಗೆ ಕತ್ತಲೆ ಮಾಳಿಗೆಗಳು, ಒಂದರ ಕೆಳಗೊಂದು. ನಾವು ಜನರನ್ನ ಮಾಡಿ, ಹೆಸರಿಟ್ಟು, ಕೆಳಗೆ ಕಳಿಸ್ಬೇಕು. ಅಲ್ಲಿ ಸತ್ತವರು ಅಲ್ಲೇ ಬಿದ್ದಿರ್ತಾರೆ. ಇನ್ನೊಂದು ಗುಂಪು ಹೋಗಿ ಹೊತ್ತು ತಂದ್ರೆ, ದೇಗುಲದಲ್ಲಿ ಬದುಕಿಸ್ತಾರೆ. ಕೆಳಗೆ ಬಿದ್ದವರ ಹೆಸರು ಎದ್ದ ಮೇಲೇ ಕಾಣೋದು."

ಕ್ಷೌರದವನು ಬಾಗಿಲಿಗೆ ಒರಗಿ ನಿಟ್ಟುಸಿರು ಬಿಟ್ಟ. "ಅಷ್ಟೇನಾ? ನಾನು ಗಿರಾಕಿಯ ಅರ್ಧ ಗಡ್ಡ ಬಿಟ್ಟು ಓಡಿಬಂದೆ, ಅಮ್ಮ."

"ಗುಂಪು ಯಾರದು?" ಎಂದರು ಡ್ರೈವಿಂಗ್ ಮೇಷ್ಟ್ರು.

ಜೋಡಪ್ಪ ಒಂದು ಗುಂಡಿ ಒತ್ತಿದ. ಪಾತ್ರೆ ತಿಕ್ಕಿದ ಸದ್ದು. ತೆರೆಯ ಮೇಲೆ ಊರಿನ ಛತ್ರದಲ್ಲಿ ಕಾಯುತ್ತ ಕೂತವರ ಹೆಸರುಗಳು ಒಂದೊಂದಾಗಿ ಮೂಡಿದವು. ಒಡತಿ. ಕ್ಷೌರದವನು. ಮೇಷ್ಟ್ರು. ಅಂಚೆಯವನು.

ನಾಲ್ವರೂ ತೆರೆಯತ್ತ ಬಾಗಿದರು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು.

"ನನ್ನ ಮುಂದೆ ಏನೋ ಬರೆದಿದೆ, ಓದಿ," ಎಂದಳು ಒಡತಿ.

"ಕತ್ತಿ ಕಾಳಗದವಳು. ಬಲ ಹದಿನೇಳು," ಎಂದು ಮೇಷ್ಟ್ರು ಓದಿದರು. ಒಡತಿ ಬೀಗಿದಳು. "ಬುದ್ಧಿ ನಾಲ್ಕು."

"ಅದು ಅವಳು ಕೈತಪ್ಪಿ ಒತ್ತಿರ್ಬೇಕು, ಪಾಪ," ಎಂದಳು ಒಡತಿ.

"ಕ್ಷೌರದವನು, ಕಳ್ಳ," ಎಂದು ಮೇಷ್ಟ್ರು ಮುಂದೆ ಓದಿದರು.

"ನಾನಾ? ನಾನು ಕಳ್ಳನಾ? ಅಕ್ಕನಿಗೆ ಒಂದು ದಿನವಾದ್ರೂ ನಾನು..." ಅವನು ಅರ್ಧಕ್ಕೆ ನಿಲ್ಲಿಸಿದ. "ಆ ಬಾಚಣಿಗೆ ವಾಪಸು ಕೊಡ್ಬೇಕೂಂತಲೇ ಇದ್ದೆ."

ಮೇಷ್ಟ್ರು ಮಾಂತ್ರಿಕರಾಗಿದ್ದರು, ಅಂಚೆಯವನು ಗಾಯ ಮಾಯಿಸುವ ಪೂಜಾರಿ. ಇನ್ನೂ ಎರಡು ಬೀದಿಗೆ ಕಾಗದ ಹಂಚಬೇಕೆಂದು ಚಡಪಡಿಸುತ್ತಿದ್ದ ಅವನು, ತನ್ನ ಹೆಸರಿನ ಮುಂದೆ 'ದಯೆ' ಎಂಬಲ್ಲಿ ದೊಡ್ಡ ಅಂಕಿ ಕಂಡು, ಚೀಲ ಕೆಳಗಿಟ್ಟು ಕಾಲು ಮಡಿಸಿ ಕೂತೇಬಿಟ್ಟ.

"ನೋಡಿ, ಬೀದಿಯವರೆಲ್ಲ ಮೇಲಿದ್ದೀರಿ. ಇವಳೊಬ್ಬಳು ಮಾತ್ರ ಕಾಣಿಸ್ತಿಲ್ಲ," ಎಂದ ಜೋಡಪ್ಪ. "ಅಂದ್ರೆ ಕೆಳಗಿರೋದು ಇವಳೇ. ತಂದು, ಬದುಕಿಸಿ... ಅತ್ತೆಗೆ ಬರೆಯುವಾಗ, ಕೊನೆಗೆ ಕೇಳಿದ್ದೊಂದು ಮಾಡಿದೆ ಅಂತಾದ್ರೂ ಬರೀಬಹುದು."

ಒಡತಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಸರಿ. ಇವತ್ತೇ ತರೋಣ. ಸಂಜೆ ಅಂಚೆ ಡಬ್ಬಿ ಖಾಲಿ ಮಾಡೋದ್ರೊಳಗೆ ಆ ಕಾಗದ ಹೋಗ್ಬೇಕು. ಆ ಮುದುಕಿ ಹೆಣೆಯೋ ಕಡ್ಡಿ ಹಿಡ್ಕೊಂಡು ಕಾಯ್ತಿದ್ದಾಳೆ. ನಡೀರಿ."

ಮಾಳಿಗೆಗಳ ನಕ್ಷೆಗಳನ್ನು ಹೆಂಡತಿ ಜೋಡಿನ ಪೆಟ್ಟಿಗೆಗಳ ಮುಚ್ಚಳದ ಒಳಗೆ ಬರೆದಿದ್ದಳು, ಒಂದೊಂದು ಮುಚ್ಚಳಕ್ಕೆ ಒಂದೊಂದು ಮಾಳಿಗೆ. ದಾರಿ ತೋರಿಸುವ ಕೆಲಸ ಸಹಜವಾಗಿಯೇ ಮೇಷ್ಟ್ರ ಪಾಲಿಗೆ ಬಂತು. ಅವರಿಗೆ ಕಲಿಸಿ ಕಲಿಸಿ ಬಂದ ಅಭ್ಯಾಸವೊಂದಿತ್ತು. ಎದುರಿಗೆ ಏನೇ ಬಂದರೂ ಬಲಗಾಲು ನೆಲಕ್ಕೆ ಒತ್ತಿ, "ಬ್ರೇಕ್!" ಎನ್ನುವರು.

"ಎಡಕ್ಕೆ. ಮೊದಲು ಹಿಂದೆ ನೋಡ್ಕೊಳ್ಳಿ. ನಿಧಾನ. ಈಗ ಬಲಕ್ಕೆ. ಬ್ರೇಕ್!"

ಜೋಡಪ್ಪ ಬೆಚ್ಚಿ ನಿಲ್ಲಿಸುವನು. ನಿಲ್ಲಿಸಿದಲ್ಲಿಗೇ ದೆವ್ವಗಳೂ ಇಲಿ ಮೋರೆಯ ಸಿಪಾಯಿಗಳೂ ಬಂದು ಮುತ್ತುವರು.

"ಓಡಿಹೋಗೋಣ ಅಂತ ಒತ್ತಿ!" ಎಂದು ಅಂಚೆಯವನು.

"ನಾನು ಓಡಲ್ಲ!" ಎಂದು ಒಡತಿ. "ನನಗೆ ಬಲ ಹದಿನೇಳು. ಹೊಡೀರಿ ಅವನಿಗೆ!"

ಮೂರನೆಯ ಮಾಳಿಗೆಯಲ್ಲಿ ಒಂದು ಸಂದೂಕ ಸಿಕ್ಕಿತು. ಕಳ್ಳನೇ ತೆರೆಯಬೇಕಾದ್ದು ಎಂದು ಯಂತ್ರ ಹೇಳಿತು. ಕ್ಷೌರದವನು ತೋಳು ಮಡಿಸಿದ, ಅವನೇ ತೆರೆಯುವವನ ಹಾಗೆ. ಜೋಡಪ್ಪ ಗುಂಡಿ ಒತ್ತಿದ. ಸಂದೂಕದಿಂದ ವಿಷದ ಸೂಜಿಯೊಂದು ಹಾರಿ, ತೆರೆಯ ಮೇಲಿನ ಕ್ಷೌರದವನು ತಟ್ಟನೆ ಸತ್ತ.

"ದಿನಾ ಕತ್ತಿ ಹಿಡಿಯೋ ನಾನು ಒಂದು ಸೂಜಿಗೆ ಸಾಯ್ತೀನಾ?" ಎಂದು ಅವನು ಎದ್ದು ನಿಂತ. ಆಮೇಲೆ ಮೂಲೆಯ ಮಣೆಯ ಮೇಲೆ ಹೋಗಿ ಕೂತ. ಉಳಿದವರು ಅವನ ಹೆಣ ಹೊತ್ತುಕೊಂಡೇ ಮುಂದೆ ನಡೆದರು. ಅವನು ಆಗಾಗ, "ಮೆಲ್ಲಗೆ ರೀ, ಗೋಡೆಗೆ ತಗುಲಿಸಬೇಡಿ," ಎನ್ನುತ್ತಿದ್ದ.

ಐದನೆಯ ಮುಚ್ಚಳ ಸಿಗಲೇ ಇಲ್ಲ. ಹುಡುಕಿದಾಗ ಗೊತ್ತಾಯಿತು, ಒಡತಿ ಅದನ್ನು ಎಂದೋ ಒಯ್ದು ಬೆಕ್ಕಿನ ಮರಿಗಳಿಗೆ ಹಾಸಿದ್ದಳು. ಅಂಚೆಯವನು ಓಡಿ ತಂದ. ಅರ್ಧ ನಕ್ಷೆ ಬೆಕ್ಕಿನ ಉಗುರಿಗೆ ಹೋಗಿತ್ತು. ಉಳಿದ ಅರ್ಧದಲ್ಲಿ ಹೆಂಡತಿಯ ಸಣ್ಣ ಅಕ್ಷರದಲ್ಲಿ, ಒಂದು ಬಾಗಿಲ ಪಕ್ಕ, 'ಇಲ್ಲಿ ಆತುರ ಬೇಡ' ಎಂದಿತ್ತು. ಜೋಡಪ್ಪ ಆ ಸಾಲಿನ ಮೇಲೆ ಬೆರಳಿಟ್ಟವನು ತೆಗೆಯಲೇ ಇಲ್ಲ. ಮೇಷ್ಟ್ರು ಬಲಗಾಲನ್ನು ಹಿಂದಕ್ಕೆ ಎಳೆದುಕೊಂಡರು.

ಆ ಬಾಗಿಲಲ್ಲಿ ಯಾರೂ ಆತುರಪಡಲಿಲ್ಲ. ಆರನೆಯದು ದಾಟಿತು. ಏಳನೆಯದರಲ್ಲಿ ಮೇಷ್ಟ್ರ ಮಂತ್ರವೆಲ್ಲ ತೀರಿ, ಒಡತಿಯ ಮೈಯಲ್ಲಿ ಗಾಯಕ್ಕೆ ಜಾಗವಿಲ್ಲದಾಗ, ಒಂದು ಮೂಲೆಯಲ್ಲಿ ತೆರೆ ನಿಂತಿತು. 'ಇಲ್ಲಿ ಒಬ್ಬರ ಶವವಿದೆ. ಹೊರುವಿರಾ?'

ಜೋಡಪ್ಪ ಬೆರಳಿಟ್ಟ. ಗುಂಡಿ ಒತ್ತಲಾಗಲಿಲ್ಲ. ಆಸ್ಪತ್ರೆಯಲ್ಲಿ ಒಬ್ಬ ಆಳು ಇದನ್ನೇ ಕೇಳಿದ್ದ. ಆಗಲೂ ಅವನ ಕೈ ಮುಂದೆ ಹೋಗಿರಲಿಲ್ಲ. ಒಡತಿ ಹಿಂದಿನಿಂದ ಬಾಗಿ, ತನ್ನ ದಪ್ಪ ಬೆರಳನ್ನು ಅವನ ಬೆರಳ ಮೇಲಿಟ್ಟು ಒತ್ತಿದಳು.

"ಹೊತ್ಕೊಳ್ಳೋಣ," ಎಂದಳು.

ಮೇಲೆ ಬರುವ ದಾರಿಯಲ್ಲಿ ದೆವ್ವಗಳು ಎದುರಾದಾಗ ಒಡತಿಯೇ, "ಓಡಿಹೋಗೋಣ ಅಂತ ಒತ್ತಿ," ಎಂದಳು. ಊರು ಬಂತು, ದೇಗುಲದ ಬಾಗಿಲು ತೆರೆಯಿತು. ದೇಗುಲದವರು ಕಾಣಿಕೆ ಕೇಳಿದರು. ಗಂಟಿನಲ್ಲಿದ್ದ ಚಿನ್ನ ಒಬ್ಬರನ್ನು ಬದುಕಿಸಲು ಮಾತ್ರ ಸಾಲುತ್ತಿತ್ತು.

ಹೆಣಗಳು ಎರಡು. ಎಲ್ಲರೂ ಮೂಲೆಯ ಮಣೆಯ ಕಡೆ ತಿರುಗಿದರು.

ಕ್ಷೌರದವನು ಗಂಟಲು ಸರಿಮಾಡಿಕೊಂಡ. "ನನ್ನನ್ಯಾಕೆ ನೋಡ್ತೀರಿ? ನಾನು ಹೇಗೂ ಇಲ್ಲೇ ಕೂತಿದ್ದೀನಲ್ಲ. ಅಕ್ಕನ್ನ ಎಬ್ಬಿಸಿ."

ಜೋಡಪ್ಪ ಎದ್ದುಹೋಗಿ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದ. ಹಿಂತಿರುಗಿ ಬಂದು, ಕಣ್ಣು ಮುಚ್ಚಿಕೊಂಡು ಒತ್ತಿದ. ಪಾತ್ರೆ ತಿಕ್ಕಿದ ಸದ್ದು ಬಹಳ ಹೊತ್ತು ಕೇಳಿಸಿತು. ಅದು ನಿಂತ ಮೇಲೂ ಅವನು ಕಣ್ಣು ತೆರೆಯಲಿಲ್ಲ.

"ಎದ್ದಳಾ?" ಎಂದ.

ಒಡತಿ ಮೇಷ್ಟ್ರ ತೋಳು ಹಿಡಿದಳು.

"ಮೇಷ್ಟ್ರೇ, ಎದ್ದಳಾ?"

"ಎದ್ದರು," ಎಂದರು ಮೇಷ್ಟ್ರು. ದನಿ ವಿಚಿತ್ರವಾಗಿತ್ತು. "ನೀವೇ ನೋಡಿ."

ಜೋಡಪ್ಪ ನೋಡಿದ. ಛತ್ರದ ಪಟ್ಟಿಯಲ್ಲಿ ಹೊಸದೊಂದು ಸಾಲು ಮೂಡಿತ್ತು. ಜೋಡಪ್ಪ. ಬಲ ಆರು. ಅದೃಷ್ಟ ಹದಿನೆಂಟು. ಜೀವ ಒಂದು.

"ಇದು ನಾನು," ಎಂದ ಅವನು.

"ನೀವೇ," ಎಂದ ಅಂಚೆಯವನು.

"ಹಾಗಾದ್ರೆ ನನ್ನನ್ನ ಸಾಯಿಸಿ ನಿಮ್ಮನ್ನ ಬದುಕಿಸ್ಕೊಂಡ್ರಾ!" ಎಂದು ಕ್ಷೌರದವನ ಬಾಯಿಂದ ಬಂದೇಬಿಟ್ಟಿತು. ಒಡತಿ ಫಕ್ಕನೆ ನಕ್ಕಳು. ಮೇಷ್ಟ್ರೂ ನಕ್ಕರು. ಜೋಡಪ್ಪನೂ ನಕ್ಕ. ನಕ್ಕವನು ನಿಲ್ಲಿಸಲಾರದೆ ಮುಖ ಮುಚ್ಚಿಕೊಂಡ. ಆಮೇಲೆ ಅದು ನಗುವೇ ಆಗಿರಲಿಲ್ಲ.

"ಇವಳೆಲ್ಲಿ? ಇನ್ನೊಂದು ಸಲ ಹುಡುಕಿ. ಎಂಟನೇ ಮಾಳಿಗೆ ಇದೆಯಾ?"

ಮೇಷ್ಟ್ರು ಇದ್ದ ಮುಚ್ಚಳಗಳನ್ನೆಲ್ಲ ತಿರುವಿದರು; ಇದ್ದ ಗುಂಡಿಗಳನ್ನೆಲ್ಲ ಒತ್ತಿದರು. ಎಂಟನೆಯದು ಇರಲಿಲ್ಲ. ಛತ್ರದಲ್ಲಿ, ದೇಗುಲದಲ್ಲಿ, ಸತ್ತವರ ಸಾಲಿನಲ್ಲಿ, ಎಲ್ಲೂ ಅವಳಿರಲಿಲ್ಲ.

"ಅಕ್ಕ ತನ್ನನ್ನ ಆಟದೊಳಗೆ ಹಾಕ್ಕೊಂಡೇ ಇರ್ಲಿಲ್ಲ ಅಂತ ಕಾಣುತ್ತೆ," ಎಂದ ಅಂಚೆಯವನು. "ಅವರು ಇಲ್ಲಿ ಕೂತಿದ್ರಲ್ಲ, ನಮ್ಮನ್ನೆಲ್ಲ ನಡೆಸ್ತಾ. ನಿಮ್ಮನ್ನ ತರೋಕೆ ನಮ್ಮನ್ನ ಎಷ್ಟು ಸಲ ಕಳಿಸಿದ್ರೋ."

ಜೋಡಪ್ಪ ತಾನು ಕೂತಿದ್ದ ಕುರ್ಚಿಯನ್ನು ನೋಡಿಕೊಂಡ. ಮೆತ್ತೆಯಲ್ಲಿ ಅವಳು ಕೂತು ಕೂತು ಆದ ತಗ್ಗಿತ್ತು. ಅವನು ಅದರ ಅಂಚಿನಲ್ಲೇ ಕೂತಿದ್ದ, ಬೆಳಗಿನಿಂದ.

ಹೊರಗೆ ಬಿಸಿಲು ಗೋಡೆ ಹತ್ತಿತ್ತು. ಒಡತಿ ಕಾಗದ, ಪೆನ್ನು ತಂದು ಕೀಲಿಮಣೆಯ ಮೇಲೆಯೇ ಇಟ್ಟಳು. "ನಾನು ಹೇಳ್ತೀನಿ, ಬರ್ಕೊಳ್ಳಿ. ಪೂಜ್ಯ ಅತ್ತೆಯವರ ಪಾದಾರವಿಂದಗಳಿಗೆ, ವಿಧಿಯಾಟದಿಂದ..."

"ಬೇಡಮ್ಮ."

ಅವನು ತಾನೇ ಬರೆದ. ಅತ್ತೆಗೆ ನಮಸ್ಕಾರ ಎಂದು ಬರೆದ. ಅವಳು ಹೋದಳು ಎಂದು ಬರೆದ. ಯಾವ ದಿನ, ಯಾವ ಆಸ್ಪತ್ರೆ ಎಂದು. ಪಕ್ಕದಲ್ಲಿ ನಾನಿದ್ದೆ, ನೋವು ಕೊನೆಯಲ್ಲಿ ಕಡಿಮೆಯಿತ್ತು, ಮೂರು ತಿಂಗಳು ಬರೆಯದೆ ತಪ್ಪು ಮಾಡಿದೆ ಎಂದು. ಕೇಳಿದ್ದೊಂದನ್ನು ಮಾಡಿದೆ ಎಂದು ಬರೆಯಹೋಗಿ, ನಿಲ್ಲಿಸಿದ. ಮಾಡಿದ್ದೇನೋ ನಿಜ. ಅದರಿಂದ ಆ ಮುದುಕಿಗೆ ಸಿಗುವುದೇನು? 'ನಾನು ಇದ್ದೇನೆ' ಎಂದಷ್ಟೇ ಬರೆದು ಸಹಿ ಹಾಕಿದ.

ಅಂಚೆಯವನು ಆಗಲೇ ಚೀಲ ಹೆಗಲಿಗೇರಿಸಿ ಬೀದಿ ಮೂಲೆಯ ಅಂಚೆ ಡಬ್ಬಿ ಖಾಲಿ ಮಾಡಲು ಓಡಿದ್ದ. ಜೋಡಪ್ಪ ಒದ್ದೆ ಹಿತ್ತಲಲ್ಲಿ ಒಂದು ಸಲ ಜಾರಿ, ಎದ್ದು, ಅಂಗಿಯಿಲ್ಲದ ಬನಿಯನ್ನಿನಲ್ಲೇ ಬೀದಿ ದಾಟಿ ಓಡಿದ. ಹಿಂದೆ ಒಡತಿ, ಅವಳ ಹಿಂದೆ, "ಗಾಡಿ ನೋಡಿ! ಗಾಡಿ ನೋಡಿ!" ಎನ್ನುತ್ತ ಮೇಷ್ಟ್ರು.

ಡಬ್ಬಿ ಖಾಲಿಯಾಗಿತ್ತು. ಅಂಚೆಯವನು ಚೀಲದ ಬಾಯಿ ಅಗಲಿಸಿ ಹಿಡಿದು ನಿಂತಿದ್ದ. ಜೋಡಪ್ಪ ಲಕೋಟೆಯನ್ನು ಒಳಗೆ ಇಳಿಸಿದ. ಆದರೆ ಬೆರಳು ಬಿಡಲಿಲ್ಲ.

"ಬಿಡಿ ಅಣ್ಣಾ," ಎಂದ ಅಂಚೆಯವನು, ಮೆಲ್ಲಗೆ. "ಹೋಗ್ಲಿ. ತಲುಪೋ ಹಾಗೆ ನಾನೇ ಕಳಿಸ್ತೀನಿ."

ಜೋಡಪ್ಪ ಇನ್ನೂ ಸ್ವಲ್ಪ ಹೊತ್ತು ಹಿಡಿದಿದ್ದ. ಆಮೇಲೆ ಬಿಟ್ಟ.